ನಮ್ಮ ಕಣ್ಣು ಹೇಗೆ ಓದುತ್ತದೆ?



ಈ ಪಾಠ ನಮ್ಮ ಕಣ್ಣಿನ ಬಗ್ಗೆ. ಈ ಸಾಲನ್ನು ಈಗ ಓದುತ್ತಿರುವ ನಿಮ್ಮ ಕಣ್ಣಿನ ಬಗ್ಗೆ.

ಘೋಡಗೇರಿ ಹುಕ್ಕೇರಿ ತಾಲೂಕಿನ ಊರು. ಅತ್ತ ಗೋಕಾಕ, ಇತ್ತ ಮೂಡಲಗಿ. ಈ ಸೀಮೆಯ ಹೆಣ್ಣುಮಕ್ಕಳು ನಾವು. ಹೊಲದ ಕೆಲಸ, ದನಕರು, ರೊಟ್ಟಿ, ಮಕ್ಕಳು ಎಲ್ಲ ಮುಗಿದ ಮೇಲೆ ಓದಲು ಕೂಡುತ್ತೇವೆ. ಹೀಗೆ ಕೂತಾಗ ಕೆಲವು ಮಾತು ಮತ್ತೆ ಮತ್ತೆ ಕೇಳಿಬರುತ್ತವೆ.

"ಅಕ್ಕೋರ, ವಯಸ್ಸಾತ್ರಿ. ಈಗ ಓದು ತಲಿಯಾಗ ಹೋಗೂದಿಲ್ಲ."

"ಮಗಳು ಒಂದ ಉಸಿರಿನ್ಯಾಗ ಓದತಾಳ. ನಾ ಒಂದೊಂದ ಅಕ್ಷರ ಹಿಡಕೊಂಡ ಕುಂಡ್ರತೇನಿ."

"ಅಕ್ಷರ ಎಲ್ಲಾ ಕೂಡಿ ಗಂಟ ಆದಂಗ ಕಾಣತಾವ."

ಕೊನೆಗೆ ಯಾರೋ ಒಬ್ಬರು ಗಾದೆ ಹೇಳುತ್ತಾರೆ: "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?"

ಗಾದೆ ಕೇಳಿ ಒಬ್ಬಾಕೆ ಪುಸ್ತಕ ಮುಚ್ಚುತ್ತಾಳೆ. ಮರುದಿನ ಬರುವುದಿಲ್ಲ. ಸಂಘದ ಪುಸ್ತಕದಲ್ಲಿ ತನ್ನ ಸಾಲ ಎಷ್ಟು ಬರೆದಿದ್ದಾರೆ ಎಂದು ತಾನೇ ಓದಿ ನೋಡುವ ದಿನ ಮತ್ತೆ ದೂರ ಹೋಗುತ್ತದೆ.

ಈ ಗಾದೆ ಓದಿನ ವಿಷಯದಲ್ಲಿ ನಿಜವೇ? ವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಬನ್ನಿ, ಅವರು ಕಂಡದ್ದೇನು, ತಿಳಿದುಕೊಳ್ಳೋಣ.

1. ಕಣ್ಣು ಜಿಗಿಯುತ್ತದೆ

ನಿಮ್ಮ ಬಲಗೈ ಮುಂದಕ್ಕೆ ಚಾಚಿರಿ. ಹೆಬ್ಬೆಟ್ಟು ಎತ್ತಿರಿ. ಒಂದು ಕಾಲಕ್ಕೆ ಶಾಯಿ ಹಚ್ಚಿ ಒತ್ತಿದ ಹೆಬ್ಬೆಟ್ಟು ಇದೇ. ಈಗ ಅದರ ಉಗುರನ್ನು ನೋಡಿರಿ.

ಆ ಉಗುರಿನಷ್ಟು ಜಾಗ ಮಾತ್ರ ನಮ್ಮ ಕಣ್ಣಿಗೆ ಪೂರ್ತಿ ಸ್ಪಷ್ಟವಾಗಿ ಕಾಣುತ್ತದೆ. ಸುತ್ತಲಿನದು ಕಾಣುತ್ತದೆ, ಆದರೆ ಮಸುಕು. ಇದು ಕಣ್ಣಿನ ರೋಗವಲ್ಲ. ಎಲ್ಲರ ಕಣ್ಣೂ ಹೀಗೆಯೇ.

ಹಾಗಾದರೆ ಒಂದು ಉದ್ದ ಸಾಲನ್ನು ಹೇಗೆ ಓದುತ್ತೇವೆ? ಕಣ್ಣು ಜಿಗಿಯಬೇಕು. ಅಂಗಳದಲ್ಲಿ ಕಾಳು ಹೆಕ್ಕುವ ಗುಬ್ಬಿ ನೋಡಿದ್ದೀರಲ್ಲ? ಒಂದು ಜಿಗಿತ. ನಿಲ್ಲುತ್ತದೆ. ಕಾಳು ಹೆಕ್ಕುತ್ತದೆ. ಮತ್ತೊಂದು ಜಿಗಿತ. ನಮ್ಮ ಕಣ್ಣೂ ಸಾಲಿನ ಮೇಲೆ ಹಾಗೆಯೇ ಹೋಗುತ್ತದೆ. ಒಂದು ಸೆಕೆಂಡಿನಲ್ಲಿ 3 ಅಥವಾ 4 ಸಲ ಜಿಗಿಯುತ್ತದೆ. ಜಿಗಿತಗಳ ನಡುವೆ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ. ನಿಂತಾಗಲೇ ಅಕ್ಷರ ಕಾಣುವುದು. ಜಿಗಿಯುವಾಗ ಏನೂ ಸರಿಯಾಗಿ ಕಾಣುವುದಿಲ್ಲ.

ನಂಬಿಕೆ ಬರಲಿಲ್ಲವೇ? ಕನ್ನಡಿ ತನ್ನಿರಿ. ಮೊದಲು ನಿಮ್ಮ ಎಡಗಣ್ಣನ್ನು ನೋಡಿರಿ. ಆಮೇಲೆ ಬಲಗಣ್ಣನ್ನು ನೋಡಿರಿ. ಮತ್ತೆ ಎಡಗಣ್ಣು. ನಿಮ್ಮ ಕಣ್ಣು ಸರಿದಾಡುವುದು ನಿಮಗೆ ಕಾಣುತ್ತದೆಯೇ? ಕಾಣುವುದಿಲ್ಲ. ಪಕ್ಕದಲ್ಲಿ ಕೂತ ಗೆಳತಿಯನ್ನು ಕೇಳಿರಿ. "ಸರಿದಾಡತಾವಲ್ಲ!" ಎನ್ನುತ್ತಾಳೆ. ಕಣ್ಣು ಜಿಗಿಯುವ ಹೊತ್ತಿನಲ್ಲಿ ಮಿದುಳು ನೋಟವನ್ನು ತಡೆದು ಬಿಡುತ್ತದೆ. ಅದಕ್ಕೇ ನಮ್ಮ ಕಣ್ಣಿನ ಜಿಗಿತ ನಮಗೇ ತಿಳಿಯುವುದಿಲ್ಲ.

ಹೊಸದಾಗಿ ಓದುವವರ ಕಣ್ಣು ಸಾಲಿನಲ್ಲಿ ಹೆಚ್ಚು ಸಲ ನಿಲ್ಲುತ್ತದೆ. ಹೆಚ್ಚು ಹೊತ್ತು ನಿಲ್ಲುತ್ತದೆ. ಹಿಂದಕ್ಕೂ ಹೋಗುತ್ತದೆ. ಚೆನ್ನಾಗಿ ಓದುವವರ ಕಣ್ಣು ಹಿಂದಕ್ಕೆ ಹೋಗುವುದೇ ಇಲ್ಲವೇ? ಹೋಗುತ್ತದೆ! ಅವರ 10 ಜಿಗಿತಗಳಲ್ಲಿ ಒಂದಾದರೂ ಹಿಂದಕ್ಕೇ ಇರುತ್ತದೆ. ಬಿಟ್ಟದ್ದನ್ನು ಮತ್ತೆ ನೋಡುವುದು ಓದಿನ ಒಂದು ಭಾಗ. ನಾಚಿಕೆ ಪಡುವ ಸಂಗತಿಯಲ್ಲ.

2. ಬೆಂಗಳೂರಿನ ಪ್ರಯೋಗಶಾಲೆ

ಕಣ್ಣು ಬಾಗಿಲು. ಮಿದುಳು ಮನೆ. ಕಣ್ಣಿನ ಮೂಲಕ ಬಂದದ್ದು ನರಗಳಲ್ಲಿ ಹಾದು ತಲೆಯ ಹಿಂಭಾಗಕ್ಕೆ ಹೋಗುತ್ತದೆ. ಕಂಡದ್ದು ಏನು ಎಂದು ತಿಳಿಯುವುದು ಅಲ್ಲಿ. ಮುಂದೆ ಎಲ್ಲಿ ನೋಡಬೇಕು ಎಂದು ಕಣ್ಣಿಗೆ ಹೇಳುವುದೂ ಮಿದುಳೇ.

ಇದನ್ನು ಅಭ್ಯಾಸ ಮಾಡುವ ವಿಜ್ಞಾನಿಗಳು ನಮ್ಮ ರಾಜ್ಯದಲ್ಲೇ ಇದ್ದಾರೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಇದೆ. 1909ರಲ್ಲಿ ಶುರುವಾಯಿತು. ಜಮಶೆಟ್‌ಜಿ ಟಾಟಾ ಅವರು ಕಂಡ ಕನಸು ಅದು. ಮೈಸೂರು ಅರಸು ಮನೆತನ 371 ಎಕರೆ ಜಮೀನು ಕೊಟ್ಟಿತು. ಟಾಟಾ ಅವರ ಹೆಸರಿನಿಂದಲೇ ಬೆಂಗಳೂರಿನ ಜನ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೂ ಕರೆಯುತ್ತಾರೆ. ಅಲ್ಲಿ ನರವಿಜ್ಞಾನ ಕೇಂದ್ರ ಇದೆ. ನರವಿಜ್ಞಾನ ಎಂದರೆ ಮಿದುಳು ಮತ್ತು ನರಗಳ ವಿಜ್ಞಾನ.

ಅಲ್ಲಿ ಆದಿತ್ಯ ಮೂರ್ತಿ ಎಂಬ ವಿಜ್ಞಾನಿ ಕಣ್ಣಿನ ಜಿಗಿತವನ್ನು ಅಭ್ಯಾಸ ಮಾಡಿದ್ದಾರೆ. ಅವರ ಒಂದು ಬಗೆಯ ಪ್ರಯೋಗ ಹೀಗಿದೆ. ಕಂಪ್ಯೂಟರ್ ಪರದೆಯ ಮುಂದೆ ಒಬ್ಬರು ಕೂಡುತ್ತಾರೆ. ಪರದೆಯ ಮೇಲೆ ಒಂದು ಚುಕ್ಕೆ ಬರುತ್ತದೆ. ಅದನ್ನು ನೋಡಬೇಕು. ಕೆಲವು ಸಲ ಅಷ್ಟರಲ್ಲಿ ಬೇರೆ ಕಡೆ ಇನ್ನೊಂದು ಚುಕ್ಕೆ ಬರುತ್ತದೆ. ಆಗ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ನೋಡಬೇಕು. ಕಣ್ಣು ಎತ್ತ ಹೋಯಿತು, ಎಷ್ಟು ಬೇಗ ಹೋಯಿತು ಎಂದು ಯಂತ್ರ ಅಳೆಯುತ್ತದೆ.

ಇದರಿಂದ ಏನು ತಿಳಿಯುತ್ತದೆ? ಮಿದುಳು ತಾನು ಹಾಕಿಕೊಂಡ ಯೋಜನೆಯನ್ನು ಯಾವಾಗ ಬದಲಿಸಬಲ್ಲದು, ಯಾವಾಗ ತಡವಾಯಿತು ಎಂದು ತಿಳಿಯುತ್ತದೆ. ನಾವು ರಸ್ತೆ ದಾಟುವಾಗ ಇದೇ ಆಗುತ್ತದೆ. ಕಣ್ಣು ಎಡಕ್ಕೆ ಹೊರಟಿರುತ್ತದೆ. ಅಷ್ಟರಲ್ಲಿ ಬಲಕ್ಕೆ ಕಬ್ಬಿನ ಟ್ರ್ಯಾಕ್ಟರ್ ಬರುತ್ತದೆ. ಕಣ್ಣು ತಟ್ಟನೆ ಬಲಕ್ಕೆ ತಿರುಗುತ್ತದೆ. ಆ ಒಂದು ಕ್ಷಣದಲ್ಲಿ ಮಿದುಳು ಒಂದು ಕೆಲಸ ರದ್ದು ಮಾಡಿ ಇನ್ನೊಂದು ಶುರು ಮಾಡಿರುತ್ತದೆ. ಇಂಥ ಚುರುಕಾದ ಮಿದುಳು ನಿಮ್ಮದು. ಅದನ್ನು ದಡ್ಡ ಎನ್ನಬೇಡಿರಿ.

3. ಜ್ವಾಳದಾಗಿನ ಹರಳು

ಮರದಲ್ಲಿ ಜ್ವಾಳ ಹಾಕಿ ಹಸನ ಮಾಡುತ್ತೇವೆ. ಸಾವಿರ ಕಾಳಿನ ನಡುವೆ ಒಂದು ಹರಳು. ಕೈ ಸೀದಾ ಅಲ್ಲಿಗೇ ಹೋಗುತ್ತದೆ. ಹೊಸಬರಿಗೆ ಅದು ಬೇಗ ಸಿಗುವುದಿಲ್ಲ. ನಮ್ಮ ಕಣ್ಣು ಅದಕ್ಕೆ ಪಳಗಿದೆ.

ಅದೇ ನರವಿಜ್ಞಾನ ಕೇಂದ್ರದಲ್ಲಿ ಎಸ್. ಪಿ. ಅರುಣ್ ಎಂಬ ವಿಜ್ಞಾನಿ ನೋಟದ ಅಭ್ಯಾಸ ಮಾಡುತ್ತಾರೆ. ಅವರೂ ಅವರ ಸಂಗಡಿಗರೂ ಹರಳು ಆರಿಸುವಂಥದೇ ಒಂದು ಪರೀಕ್ಷೆ ಮಾಡಿದರು. ಆದರೆ ಜ್ವಾಳದ ಬದಲು ಅಕ್ಷರ ಇಟ್ಟರು. ಅದರ ವರದಿ 2019ರಲ್ಲಿ ಪ್ರಕಟವಾಯಿತು.

ಅವರು ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ತೆಲುಗು ಓದಲು ಬರುತ್ತದೆ, ಮಲಯಾಳಂ ಓದಲು ಬಾರದು. ಇನ್ನೊಂದು ಗುಂಪಿನವರಿಗೆ ಮಲಯಾಳಂ ಓದಲು ಬರುತ್ತದೆ, ತೆಲುಗು ಓದಲು ಬಾರದು. ಇಬ್ಬರಿಗೂ ಎರಡೂ ಲಿಪಿ ತೋರಿಸಿದರು. ಪರದೆಯ ತುಂಬ ಒಂದೇ ತರಹದ ಅಕ್ಷರಗಳು. ನಡುವೆ ಒಂದು ಮಾತ್ರ ಬೇರೆ. ಅದನ್ನು ಹುಡುಕಬೇಕು. ಎಷ್ಟು ಬೇಗ ಹುಡುಕುತ್ತಾರೆ ಎಂದು ಅಳೆದರು.

ತಮಗೆ ಬರುವ ಲಿಪಿಯಲ್ಲಿ ಒಂದು ಅಕ್ಷರಕ್ಕೂ ಇನ್ನೊಂದು ಅಕ್ಷರಕ್ಕೂ ಇರುವ ವ್ಯತ್ಯಾಸ ಅವರ ಕಣ್ಣಿಗೆ ಹೆಚ್ಚು ಸ್ಪಷ್ಟವಾಗಿ ಕಂಡಿತು. ಇದು ಒಂದು ಮಾತು.

ಇನ್ನೊಂದು ಮಾತು ಇನ್ನೂ ದೊಡ್ಡದು. ಎರಡು ಅಕ್ಷರ ಪಕ್ಕ ಪಕ್ಕ ಇಟ್ಟಾಗ, ಓದಲು ಬಾರದವರ ಕಣ್ಣಿಗೆ ಒಂದರ ಆಕಾರ ಇನ್ನೊಂದರಲ್ಲಿ ಬೆರೆತಂತೆ ಆಗುತ್ತದೆ. ಓದಲು ಬಂದವರಿಗೆ ಈ ಬೆರಕೆ ಕಡಿಮೆ. ಎರಡೂ ಅಕ್ಷರ ಬೇರೆ ಬೇರೆಯಾಗಿ ನಿಲ್ಲುತ್ತವೆ. ಯಾರಿಗೆ ಈ ಬೆರಕೆ ಕಡಿಮೆಯೋ ಅವರ ಓದು ಹೆಚ್ಚು ಸರಾಗ.

"ಅಕ್ಷರ ಎಲ್ಲಾ ಕೂಡಿ ಗಂಟ ಆದಂಗ ಕಾಣತಾವ" ಎಂದು ನಮ್ಮ ಅಕ್ಕ ಹೇಳಿದ್ದಳಲ್ಲ? ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಓದು ಎಂದರೆ ಆ ಗಂಟು ಬಿಚ್ಚುವುದು.

ನಮ್ಮ ಊರಿನ ಹೆಸರನ್ನೇ ನೋಡೋಣ. ಓದು ಬಾರದಾಗ ಬಸ್ಸಿನ ಬೋರ್ಡು ಒಂದು ಚಿತ್ರದ ಹಾಗೆ ಕಾಣುತ್ತಿತ್ತು. "ಯಣ್ಣಾ, ಈ ಬಸ್ಸ ಎಲ್ಲಿಗಿ ಹೋಗತೈತಿ?" ಎಂದು ಕೇಳುತ್ತಿದ್ದೆವು. ಈಗ ಬಿಡಿಸಿ ಓದಿರಿ:

ಘೋ - ಡ - ಗೇ - ರಿ
ಘೋಡಗೇರಿ

ಗೋ - ಕಾ - ಕ
ಗೋಕಾಕ

ಘೋ ಮತ್ತು ಗೋ. ಬಾಯಲ್ಲಿ ಹೇಳುವಾಗ ಹತ್ತಿರ ಹತ್ತಿರ. ಬರಹದಲ್ಲಿ ಬೇರೆ ಬೇರೆ. ಆ ವ್ಯತ್ಯಾಸ ಕಂಡ ಕಣ್ಣು ತಪ್ಪು ಬಸ್ಸು ಹತ್ತುವುದಿಲ್ಲ.

ಅಕ್ಷರ ಬಿಡಿಸಿ, ಕೂಡಿಸಿ, ನಿಧಾನವಾಗಿ ಓದುವುದು ಕೀಳಲ್ಲ. ಮಗಳ ವೇಗಕ್ಕೆ ಹೋಗುವ ದಾರಿಯೂ ಅದೇ. ಆಕೆಯೂ ಒಂದನೇ ಇಯತ್ತೆಯಲ್ಲಿ ಹಾಗೆಯೇ ಓದಿದ್ದಳು.

4. ಮರವಾದ ಮೇಲೆ ಬಗ್ಗೀತೇ?

ಮನುಷ್ಯರು ಬರೆಯಲು ಕಲಿತು ಸುಮಾರು 5,000 ವರ್ಷಗಳಾದವು. ಮಾತು ಅದಕ್ಕಿಂತ ಬಹಳ ಹಳೆಯದು. ಆದ್ದರಿಂದ ಹುಟ್ಟುವಾಗ ಯಾರ ಮಿದುಳಿನಲ್ಲೂ ಅಕ್ಷರಕ್ಕೆಂದೇ ಜಾಗ ಇರುವುದಿಲ್ಲ. ಸಾಹುಕಾರರ ಮಕ್ಕಳಿಗೂ ಇಲ್ಲ, ಕೂಲಿಯವರ ಮಕ್ಕಳಿಗೂ ಇಲ್ಲ. ಗಂಡಸಿಗೂ ಇಲ್ಲ, ಹೆಂಗಸಿಗೂ ಇಲ್ಲ. ಓದು ಕಲಿತಂತೆ ಮಿದುಳಿನ ಎಡಭಾಗದಲ್ಲಿ, ಹಿಂದೆ ಕೆಳಗೆ, ಒಂದು ಜಾಗ ಅಕ್ಷರಕ್ಕೆ ಪಳಗುತ್ತದೆ.

ದೊಡ್ಡವರಾದ ಮೇಲೆ ಕಲಿತರೂ ಅದು ಪಳಗುತ್ತದೆಯೇ? ಫ್ರಾನ್ಸ್ ದೇಶದ ವಿಜ್ಞಾನಿ ಸ್ಟಾನಿಸ್ಲಾಸ್ ಡೆಹಾನ್ ಮತ್ತು ಅವರ ಸಂಗಡಿಗರು ಇದನ್ನು ಪರೀಕ್ಷಿಸಿದರು. ಬ್ರೆಜಿಲ್ ಮತ್ತು ಪೋರ್ಚುಗಲ್ ದೇಶಗಳ 63 ಮಂದಿ ವಯಸ್ಕರ ಮಿದುಳನ್ನು ಯಂತ್ರದಿಂದ ನೋಡಿದರು. ಅವರಲ್ಲಿ 31 ಮಂದಿ ಚಿಕ್ಕಂದಿನಲ್ಲಿ ಶಾಲೆ ಕಲಿತವರು. 22 ಮಂದಿ ದೊಡ್ಡವರಾದ ಮೇಲೆ ಓದು ಕಲಿತವರು, ನಮ್ಮಂಥವರು. 10 ಮಂದಿಗೆ ಓದು ಬಾರದು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಶಾಲೆ ಕಲಿತವರ ಮಿದುಳಿನಲ್ಲಿ ಕಂಡ ಬದಲಾವಣೆಗಳಲ್ಲಿ ಹೆಚ್ಚಿನವು ದೊಡ್ಡವರಾಗಿ ಕಲಿತವರಲ್ಲೂ ಕಂಡವು.

ದೂರದ ದೇಶದ ಮಾತು ಎನ್ನಬೇಡಿರಿ. ನಮ್ಮ ದೇಶದಲ್ಲೂ ನೋಡಿದ್ದಾರೆ. ಉತ್ತರ ಪ್ರದೇಶದ ಲಖನೌ ನಗರದ ಹತ್ತಿರದ ಹಳ್ಳಿಗಳ 30 ಮಂದಿ ಈ ಪರೀಕ್ಷೆಗೆ ಒಪ್ಪಿದರು. ಹೆಚ್ಚಿನವರು ಹೆಂಗಸರು. ವಯಸ್ಸು 30ರ ಆಸುಪಾಸು. ಆಡುವ ಮಾತು ಹಿಂದಿ. ಆದರೆ ಹೆಚ್ಚಿನವರಿಗೆ ಹಿಂದಿಯ ಒಂದು ಶಬ್ದವನ್ನೂ ಓದಲು ಬರುತ್ತಿರಲಿಲ್ಲ. ಅವರಲ್ಲಿ 21 ಮಂದಿಗೆ 6 ತಿಂಗಳು ಓದು ಬರಹ ಕಲಿಸಿದರು. ಉಳಿದ 9 ಮಂದಿಗೆ ಆ ಅವಧಿಯಲ್ಲಿ ಕಲಿಸಲಿಲ್ಲ. ಕಲಿಯುವ ಮೊದಲು ಒಮ್ಮೆ, ಕಲಿತ ಮೇಲೆ ಒಮ್ಮೆ, ಎಂಆರ್‌ಐ ಯಂತ್ರದಿಂದ ಎಲ್ಲರ ಮಿದುಳಿನ ಚಿತ್ರ ತೆಗೆದರು. ಈ ಯಂತ್ರ ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಹೊರಗಿನಿಂದಲೇ ಒಳಗನ್ನು ತೋರಿಸುತ್ತದೆ.

ಏನು ಕಂಡಿತು? ಆರೇ ತಿಂಗಳಲ್ಲಿ ಆ ಹೆಣ್ಣುಮಕ್ಕಳು ಒಂದನೇ ಇಯತ್ತೆಯ ಮಟ್ಟಕ್ಕೆ ಓದತೊಡಗಿದರು. ಕಲಿತವರ ಮಿದುಳಿನ ಆಳದ ಭಾಗಗಳಲ್ಲೂ ಬದಲಾವಣೆ ಕಂಡಿತು. ಆ ಭಾಗಗಳು ಕಣ್ಣನ್ನು ಎತ್ತ ತಿರುಗಿಸಬೇಕು, ಯಾವುದರ ಮೇಲೆ ಲಕ್ಷ್ಯ ಇಡಬೇಕು ಎಂಬ ಕೆಲಸಕ್ಕೆ ಸಂಬಂಧಪಟ್ಟವು. ಅವು ತಲೆಯ ಹಿಂಭಾಗದ ನೋಟದ ಭಾಗದ ಜೊತೆ ಹೆಚ್ಚು ತಾಳ ಹೊಂದಿಸಿಕೊಂಡಿದ್ದವು. ಯಾರಲ್ಲಿ ಈ ತಾಳ ಹೆಚ್ಚು ಕೂಡಿತೋ ಅವರು ಹೆಚ್ಚು ಚೆನ್ನಾಗಿ ಓದುತ್ತಿದ್ದರು. ಈ ವರದಿ 2017ರಲ್ಲಿ ಪ್ರಕಟವಾಯಿತು. ಜರ್ಮನಿ, ನೆದರ್‌ಲ್ಯಾಂಡ್ಸ್ ಮತ್ತು ಭಾರತದ ವಿಜ್ಞಾನಿಗಳು ಕೂಡಿ ಈ ಕೆಲಸ ಮಾಡಿದರು.

ಈಗ ಗಾದೆಗೆ ಉತ್ತರ ಸಿಕ್ಕಿತು. ಮರಕ್ಕೆ ಆ ಗಾದೆ ಸರಿ ಇರಬಹುದು. ಓದು ಕಲಿಯುವ ಮಿದುಳಿಗೆ ಸರಿಯಲ್ಲ.

5. ತಲೆಯ ತಪ್ಪಲ್ಲ, ಚಾಳೀಸಿನ ವಯಸ್ಸು

ಕೆಲವರಿಗೆ ಇನ್ನೊಂದು ತೊಂದರೆ ಇರುತ್ತದೆ. ದೂರದ ಎಮ್ಮೆ ಯಾರದು ಎಂದು ಸರಿಯಾಗಿ ಹೇಳುತ್ತಾರೆ. ಕೈಯಲ್ಲಿನ ಪುಸ್ತಕ ಮಾತ್ರ ಮಸುಕು. ಸೂಜಿಗೆ ದಾರ ಪೋಣಿಸಲು ಮಗನನ್ನು ಕರೆಯುತ್ತಾರೆ. ಪುಸ್ತಕವನ್ನು ದೂರ ದೂರ ಹಿಡಿಯುತ್ತಾರೆ. "ಓದು ನನಗ ಬರೂದಿಲ್ಲ ಬಿಡ್ರಿ" ಎನ್ನುತ್ತಾರೆ.

ಇದು ತಲೆಯ ದೋಷವಲ್ಲ. ನಮ್ಮ ಕಣ್ಣಿನೊಳಗೆ ಒಂದು ಮಸೂರ ಇದೆ. ಗಾಜಿನ ಹಾಗೆ ತಿಳಿಯಾಗಿರುತ್ತದೆ. ಹತ್ತಿರದ್ದನ್ನು ನೋಡುವಾಗ ಅದು ಉಬ್ಬಬೇಕು. ವಯಸ್ಸಾದಂತೆ ಅದು ಬಿರುಸಾಗುತ್ತದೆ. 40ರ ಸುಮಾರಿಗೆ ಹತ್ತಿರದ ಅಕ್ಷರ ಮಸುಕಾಗತೊಡಗುತ್ತದೆ. ಎಲ್ಲರಿಗೂ ಆಗುತ್ತದೆ. ಚಾಳೀಸ ಎಂದರೆ ನಲವತ್ತು. ಆ ವಯಸ್ಸಿನಲ್ಲಿ ಹಾಕುವ ಕನ್ನಡಕಕ್ಕೂ ನಮ್ಮ ಹಿರಿಯರು ಚಾಳೀಸು ಎಂದೇ ಹೆಸರಿಟ್ಟರು.

ಕನ್ನಡಕದಿಂದ ಎಷ್ಟು ಉಪಯೋಗ? ಅಸ್ಸಾಮಿನ ಚಹಾ ತೋಟಗಳಲ್ಲಿ ಒಂದು ಪರೀಕ್ಷೆ ನಡೆಯಿತು. ಚಹಾ ಎಲೆ ಕೀಳುವ 751 ಕೂಲಿಕಾರರು ಅದರಲ್ಲಿ ಇದ್ದರು. ಎಲ್ಲರೂ 40 ದಾಟಿದವರು. ಹೆಚ್ಚಿನವರು ಹೆಂಗಸರು. ಅರ್ಧದಷ್ಟು ಮಂದಿಗೆ ಮೊದಲೇ ಕನ್ನಡಕ ಕೊಟ್ಟರು. ಉಳಿದವರಿಗೆ ಪರೀಕ್ಷೆ ಮುಗಿದ ಮೇಲೆ ಕೊಟ್ಟರು. ಕನ್ನಡಕ ಹಾಕಿದವರ ಕೆಲಸ ಉಳಿದವರಿಗಿಂತ ಸುಮಾರು ಐದನೇ ಒಂದು ಪಾಲು ಹೆಚ್ಚಾಯಿತು. 2018ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಕೈ ಅದೇ, ತೋಟ ಅದೇ. ಕಣ್ಣಿಗೆ ಎಲೆ ಕಂಡಿತು, ಅಷ್ಟೇ.

ಆದ್ದರಿಂದ ಮೊದಲು ಕಣ್ಣು ತಪಾಸಣೆ ಮಾಡಿಸಿರಿ. ತಾಲೂಕು ಆಸ್ಪತ್ರೆಯಲ್ಲಿ ಕೇಳಿರಿ. ಊರಿಗೆ ಕಣ್ಣಿನ ಶಿಬಿರ ಯಾವಾಗ ಬರುತ್ತದೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಗಂಡನ ಕನ್ನಡಕ, ನೆರೆಯವರ ಕನ್ನಡಕ ಹಾಕಿ ಓದಬೇಡಿರಿ. ನಿಮ್ಮ ನಂಬರು ಬೇರೆ ಇರಬಹುದು.

ಇನ್ನೊಂದು ಮಾತು. ಹತ್ತಿರದ್ದೂ ದೂರದ್ದೂ ಎರಡೂ ಮಂಜು ಮಂಜಾಗಿ ಕಂಡರೆ ಅದು ಕಣ್ಣಿನ ಪೊರೆ ಇರಬಹುದು. ಕೆಲವರು ಮೋತಿಬಿಂದು ಎನ್ನುತ್ತಾರೆ. ಅದಕ್ಕೆ ಸೊಪ್ಪಿನ ರಸ, ಜೇನುತುಪ್ಪ ಹಾಕಬೇಡಿರಿ. ಸಣ್ಣ ಶಸ್ತ್ರಚಿಕಿತ್ಸೆಯಿಂದ ಅದು ವಾಸಿಯಾಗುತ್ತದೆ. ಸರಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಿಂದ ಇದೆ. ಅದರಲ್ಲಿ ಈ ಶಸ್ತ್ರಚಿಕಿತ್ಸೆ ಉಚಿತ. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ಕಣ್ಣು ತೋರಿಸಲೇಬೇಕು. ಕಣ್ಣು ಒಮ್ಮೆಲೇ ಕಾಣದಂತಾದರೆ, ಅಥವಾ ಬಹಳ ನೋವಾದರೆ, ಅದೇ ದಿನ ಡಾಕ್ಟರ ಹತ್ತಿರ ಹೋಗಿರಿ.

6. ಓದುವಾಗ ನೆನಪಿಡಿರಿ

ಪುಸ್ತಕವನ್ನು ಕಣ್ಣಿನಿಂದ ಒಂದೂವರೆ ಗೇಣು ದೂರ ಹಿಡಿಯಿರಿ.

ಬೆಳಕು ಪುಸ್ತಕದ ಮೇಲೆ ಬೀಳಲಿ, ಕಣ್ಣಿಗೆ ಹೊಡೆಯದಿರಲಿ.

ಸಾಲಿನ ಕೆಳಗೆ ಬೆರಳಿಟ್ಟು ಓದಿರಿ. ಎಲ್ಲಿ ನಿಲ್ಲಬೇಕು ಎಂದು ಕಣ್ಣಿಗೆ ಬೆರಳು ತೋರಿಸುತ್ತದೆ. ರೂಢಿಯಾದ ಮೇಲೆ ಬೆರಳು ತಾನೇ ಬಿಟ್ಟುಹೋಗುತ್ತದೆ.

ತಿಳಿಯದಿದ್ದರೆ ಹಿಂದಕ್ಕೆ ಹೋಗಿ ಮತ್ತೆ ಓದಿರಿ.

ವಾರಕ್ಕೊಮ್ಮೆ ಎರಡು ತಾಸು ಓದುವುದಕ್ಕಿಂತ ದಿನಾಲೂ ಸ್ವಲ್ಪ ಓದಿರಿ. ಕಣ್ಣೂ ಮಿದುಳೂ ರೂಢಿಯಿಂದ ಪಳಗುತ್ತವೆ.

ಬಿಟ್ಟುಹೋದ ಗೆಳತಿಯ ಮನೆಗೆ ಹೋಗಿರಿ. ಈ ಪಾಠವನ್ನು ಅವಳಿಗೆ ನೀವೇ ಓದಿ ಹೇಳಿರಿ.

ಹೊಸ ಪದಗಳು

ನರವಿಜ್ಞಾನ - ಮಿದುಳು ಮತ್ತು ನರಗಳ ವಿಜ್ಞಾನ
ಪ್ರಯೋಗಶಾಲೆ - ಪರೀಕ್ಷೆ ಮಾಡಿ ನೋಡುವ ಜಾಗ
ಲಿಪಿ - ಬರೆಯುವ ಅಕ್ಷರಗಳ ರೂಪ
ವಯಸ್ಕರು - ದೊಡ್ಡವರು
ಮಸೂರ - ಕಣ್ಣಿನೊಳಗಿನ ತಿಳಿ ಗಾಜಿನಂಥ ಭಾಗ

ಉತ್ತರ ಹೇಳಿರಿ

1. ಓದುವಾಗ ಕಣ್ಣು ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಜಿಗಿಯುತ್ತದೆ?
2. ಭಾರತೀಯ ವಿಜ್ಞಾನ ಸಂಸ್ಥೆ ಎಲ್ಲಿದೆ? ಯಾವಾಗ ಶುರುವಾಯಿತು?
3. ಲಖನೌ ಹತ್ತಿರದ ಹೆಣ್ಣುಮಕ್ಕಳು ಎಷ್ಟು ತಿಂಗಳಲ್ಲಿ ಓದು ಕಲಿತರು?
4. ಹತ್ತಿರದ ಅಕ್ಷರ ಮಸುಕಾದರೆ ಏನು ಮಾಡಬೇಕು?

ಮಾಡಿ ನೋಡಿರಿ

ಇಬ್ಬರು ಎದುರು ಬದುರು ಕೂಡಿರಿ. ಒಬ್ಬರು ಈ ಪಾಠದ ನಾಲ್ಕು ಸಾಲು ಮನಸ್ಸಿನಲ್ಲಿ ಓದಲಿ. ಇನ್ನೊಬ್ಬರು ಅವರ ಕಣ್ಣು ನೋಡಲಿ. ಎಷ್ಟು ಸಲ ನಿಂತಿತು? ಎಷ್ಟು ಸಲ ಹಿಂದಕ್ಕೆ ಹೋಯಿತು? ಎಣಿಸಿ ಬರೆಯಿರಿ. ಇವತ್ತಿನ ತಾರೀಖು ಹಾಕಿರಿ. ಆರು ತಿಂಗಳ ಮೇಲೆ ಅದೇ ನಾಲ್ಕು ಸಾಲು ಓದಿ ಮತ್ತೆ ಎಣಿಸಿರಿ.

ಮಾತಾಡಿರಿ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂದು ಇನ್ನು ಮುಂದೆ ಯಾರಾದರೂ ಹೇಳಿದರೆ ಏನು ಉತ್ತರ ಕೊಡುತ್ತೀರಿ? ಕೂಡಿ ಮಾತಾಡಿರಿ. ಆಮೇಲೆ ನಿಮ್ಮ ಉತ್ತರವನ್ನು ಒಂದು ಸಾಲಿನಲ್ಲಿ ಬರೆಯಿರಿ. ಕೆಳಗೆ ನಿಮ್ಮ ಹೆಸರು ಬರೆದು ಸಹಿ ಮಾಡಿರಿ.